ಪ್ಯಾಕೇಜು ಕಟ್ಟುವವನ ಸಿಟ್ಟು

ನನಗೆ ಸಿಟ್ಟು ಜಾಸ್ತಿ ಅಂತ ಪಾಂಡವಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಸಿಟ್ಟು ತರಿಸಿದವರು ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಬೆಳಿಗ್ಗೆ ಏಳುವಾಗ ನಾನು ಚೆನ್ನಾಗಿಯೇ ಇರುತ್ತೇನೆ. ಕಾಫಿ ಮುಗಿಯುವ ತನಕವೂ ಚೆನ್ನಾಗಿಯೇ ಇರುತ್ತೇನೆ. ಲೋಟ ಕೆಳಗಿಡುವುದೇ ತಡ, ಯಾರೋ ಒಬ್ಬರು ಬಾಗಿಲು ತಟ್ಟುತ್ತಾರೆ, ಇಲ್ಲ ಫೋನ್ ಮಾಡುತ್ತಾರೆ, ಇಲ್ಲ ಜಗತ್ತಿನ ಆ ತುದಿಯಿಂದ ಒಬ್ಬ ಮೆಸೇಜು ಹಾಕುತ್ತಾನೆ. ಅಲ್ಲಿಗೆ ಆ ದಿನ ಕೆಟ್ಟಿತು. ಬೇರೆಯವರಿಗೆ ಇಂಥದ್ದೆಲ್ಲ ಅಪರೂಪಕ್ಕೆ ಆಗುತ್ತದಂತೆ. ನನಗೆ ಒಂದು ವಾರ ಏನೂ ಆಗಲಿಲ್ಲ ಅಂದರೆ ಫೋನ್ ಕೆಟ್ಟಿದೆಯೇನೋ ಅಂತ ತೆಗೆದು ನೋಡುತ್ತೇನೆ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕೇಳಬೇಡಿ. ಲಿನಕ್ಸ್ ಅಂತ ಒಂದಿದೆ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಓಡುವ ಸಾಫ್ಟ್‌ವೇರ್ ಬರೆಯುವವರು ಬೇರೆ. ಅವರು ಬರೆದದ್ದನ್ನೆಲ್ಲ ಒಂದೇ ಮೂಟೆ ಮಾಡಿ ಎಸೆದು ಹೋಗುತ್ತಾರೆ. ಆ ಮೂಟೆ ಬಿಚ್ಚಿ, ಇದು ಓಡಿಸುವುದಕ್ಕೆ ಬೇಕಾದ್ದು, ಇದು ಸಹಾಯದ ಪುಟಗಳು, ಇದು ಬೇರೆ ಬೇರೆ ಭಾಷೆಯದ್ದು ಅಂತ ಒಡೆದು ಒಂದೊಂದನ್ನೂ ಒಂದೊಂದು ಪ್ಯಾಕೇಜು ಮಾಡಬೇಕು. ಕೈಯಲ್ಲಿ ಮಾಡುವುದಲ್ಲ. ಹೀಗೆ ಕಟ್ಟು, ಹೀಗೆ ಒಡೆ ಅಂತ ಕಂಪ್ಯೂಟರಿಗೆ ಹೇಳುವ ಸ್ಕ್ರಿಪ್ಟು ಬರೆಯಬೇಕು. ಆ ಸ್ಕ್ರಿಪ್ಟು ಬರೆಯುವವನು ನಾನು. ಹಳೇ ಕಂಪ್ಯೂಟರಿನ ತಲೆಯ ಮೇಲೆ ಬೇಡದ ಭಾರ ಬೀಳದಿರಲಿ ಅಂತ ಇಷ್ಟೆಲ್ಲ. ಒಳ್ಳೇ ಉದ್ದೇಶದ ಕೆಲಸ. ಆದರೂ ಇದರಿಂದ ನಾನು ಎಷ್ಟು ಜನರ ಹತ್ತಿರ ಬೈಸಿಕೊಂಡಿದ್ದೇನೆ, ಎಷ್ಟು ಜನರಿಗೆ ಬೈದಿದ್ದೇನೆ ಅನ್ನುವುದು ನನಗೂ ದೇವರಿಗೂ ಗೊತ್ತು.

ಎರಡು ಥರದ ಬೆಲ್ಲ

ನಾನು ಮನೆಯಲ್ಲೇ ಕೂತು ಏನು ಮಾಡುತ್ತೇನೆ ಅಂತ ಬೀದಿಯವರು ನಮ್ಮವ್ವನನ್ನು ಕೇಳುತ್ತಿದ್ದರಂತೆ. ಅವ್ವ ನನ್ನನ್ನು ಕೇಳಿದಳು. ಪ್ಯಾಕೇಜು ಮಾಡ್ತೀನಿ ಕಣವ್ವ, ದೇಶದೇಶಕ್ಕೆ ಹೋಗುತ್ತೆ ಅಂದೆ. ಅಷ್ಟನ್ನು ಅವಳು ಬಚ್ಚಲ ಹಂಡೆಗೆ ಉರಿ ಹಾಕುವಷ್ಟು ಹೊತ್ತಿನಲ್ಲಿ ಊರಿಗೆಲ್ಲ ಹೇಳಿದಳು.

ಎದುರು ಮನೆಯ ಯಜಮಾನರು ಆಲೆಮನೆ ನಡೆಸುತ್ತಾರೆ. ಒಂದು ಬೆಳಿಗ್ಗೆ ನಾನು ನನ್ನ ಹಾಗೇ ಪ್ಯಾಕೇಜು ಕಟ್ಟುವ ತಂಡದವರ ಜೊತೆ ವಿಡಿಯೋ ಮೀಟಿಂಗಿನಲ್ಲಿದ್ದೆ. ಆರು ದೇಶದ ಮುಖಗಳು ಪರದೆಯ ಮೇಲಿದ್ದವು. ಯಜಮಾನರು ಸೀದಾ ಒಳಗೆ ಬಂದು ಒಂದು ಗೋಣಿಚೀಲ ಬೆಲ್ಲ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ಲ್ಯಾಪ್‌ಟಾಪು ಹಿಂದಕ್ಕೆ ಸರಿದು ಪರದೆಯಲ್ಲಿ ಬರೀ ಚೀಲವೇ ಕಾಣತೊಡಗಿತು. ಮಗಳು ಪುಣೆಯಲ್ಲಿದ್ದಾಳೆ, ಅವಳಿಗೆ ಕಳಿಸಬೇಕು, ನೀನು ಪ್ಯಾಕೇಜ್ ಮಾಡ್ತೀಯಂತಲ್ಲ, ಗಟ್ಟಿಯಾಗಿ ಮಾಡಿಕೊಡು ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೀಟಿಂಗಿನ ಮೈಕು ಬಂದ್ ಮಾಡಿ, ಅವರನ್ನು ಕೂರಿಸಿ, ನನ್ನ ಕೆಲಸ ಏನು ಅಂತ ಮೊದಲಿಂದ ಕೊನೆಯ ತನಕ ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಕೂಗಾಡಿದೆ ಅನ್ನಬಹುದು. ಒಂದು ದೊಡ್ಡ ಮೂಟೆ ಬರುತ್ತೆ, ಅದನ್ನು ಬಿಚ್ಚಬೇಕು, ಯಾರ್ಯಾರಿಗೆ ಏನೇನು ಬೇಕೋ ಬೇರೆ ಮಾಡಬೇಕು, ಒಂದೊಂದನ್ನೂ ಬೇರೆ ಬೇರೆ ಕಟ್ಟಿ ಹೆಸರು ಬರೆದು ಕಳಿಸಬೇಕು, ಇದು ತಲೆ ಓಡಿಸುವ ಕೆಲಸ, ಬೆಲ್ಲ ಕಟ್ಟುವ ಕೆಲಸ ಅಲ್ಲ ಅಂದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಅಂದರು: "ನಂದೂ ಅದೇಯ ಕಣಪ್ಪ. ಇದು ಒಂದೇ ಮೂಟೆ. ಬಿಚ್ಚು. ಅರ್ಧ ಮಗಳ್ಗೆ, ಅರ್ಧ ಬೀಗ್ರಿಗೆ. ಬೇರೆ ಬೇರೆ ಕಟ್ಟಿ ಎಸ್ರು ಬರಿ."

ಅಷ್ಟರಲ್ಲಿ ನಮ್ಮವ್ವ ಅವರಿಗೆ ಕಾಫಿ ತಂದು ಕೊಟ್ಟು, ಅದುಕ್ಕೇನಂತೆ, ಮಾಡ್ತಾನೆ ಬುಡಿ ಅಂತ ಒಪ್ಪಿಕೊಂಡೂ ಆಗಿತ್ತು. ನಾನು ಹಲ್ಲು ಕಡಿಯುತ್ತ ಕೂತು ಬೆಲ್ಲ ಕಟ್ಟಿದೆ. ಪರದೆಯಲ್ಲಿದ್ದ ಆರೂ ಮುಖಗಳು ಟೇಪು ಸುತ್ತುವುದನ್ನು ನೋಡುತ್ತಿದ್ದವು. ಒಬ್ಬಳು ಇದು ನಿಮ್ಮ ಹಬ್ಬವೇ ಅಂತ ಕೇಳಿದಳು.

ಕೆಲವು ದಿನ ಕಳೆದು ಯಜಮಾನರು ಮತ್ತೆ ಬಂದರು. ಮುಖ ಗಂಟು ಹಾಕಿಕೊಂಡಿದ್ದರು. ಚೀಲದಲ್ಲಿ ಎರಡು ಥರದ ಬೆಲ್ಲ ಇತ್ತಂತೆ. ಮೇಲಿನದು ಒಳ್ಳೇ ಬಂಗಾರದ ಬಣ್ಣದ್ದು, ಮಗಳಿಗೆ. ಕೆಳಗಿನದು ಕರ್ರಗೆ, ಪಾಕ ಕೆಟ್ಟದ್ದು, ಬೀಗರಿಗೆ. ನಾನು ಅದಲುಬದಲು ಮಾಡಿ ಕಳಿಸಿದ್ದೆ. ಬೀಗರು ಫೋನ್ ಮಾಡಿ ಇಂಥ ಬೆಲ್ಲ ಜನ್ಮದಲ್ಲಿ ತಿಂದಿಲ್ಲ, ಇನ್ನೊಂದು ಚೀಲ ಕಳಿಸಿ ಅಂದಿದ್ದರು.

"ವರ್ಸಗಟ್ಲೆಯಿಂದ ನೀನು ಇದೇ ಕೆಲ್ಸ ಮಾಡ್ತಿದ್ದೀಯ ಅಂತ ನಿಮ್ಮವ್ವ ಯೋಳುದ್ಲು" ಅಂದರು ಯಜಮಾನರು. "ನಾನೂ ನಂಬುದ್ದೆ ಕಣಪ್ಪ."

ಸಹಾಯ ಇಲ್ಲ

ನನ್ನ ಹೆಂಡತಿ ಶ್ರೀರಂಗಪಟ್ಟಣದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅಲ್ಲಿ ಒಂದು ಕೋಣೆ ತುಂಬ ಹಳೇ ಕಂಪ್ಯೂಟರುಗಳು ಧೂಳು ಹಿಡಿದು ಕೂತಿದ್ದವು. ನಿಮ್ಮೆಜಮಾನ್ರು ಏನೋ ಪುಕ್ಕಟೆದು ಹಾಕ್ತಾರಂತಲ್ಲ ಅಂತ ಹೆಡ್‌ಮಾಸ್ಟರು ಅವಳನ್ನು ಕೇಳಿದರು. ಪುಕ್ಕಟೆ ಅನ್ನುವ ಮಾತು ಕಿವಿಗೆ ಬಿದ್ದರೆ ನಮ್ಮ ಕಡೆಯವರು ಯಾವ ದೂರಕ್ಕೂ ಬರುತ್ತಾರೆ.

ನಾನು ಎರಡು ಭಾನುವಾರ ಹಾಳು ಮಾಡಿಕೊಂಡು ಎಲ್ಲದಕ್ಕೂ ಲಿನಕ್ಸ್ ಹಾಕಿದೆ. ಆ ಮುದಿ ಕಂಪ್ಯೂಟರುಗಳಲ್ಲಿ ಜಾಗ ಬಹಳ ಕಮ್ಮಿ. ಅದಕ್ಕೇ ಓಡುವುದಕ್ಕೆ ಎಷ್ಟು ಬೇಕೋ ಅಷ್ಟೇ ಪ್ಯಾಕೇಜು ಹಾಕಿ, ಸಹಾಯದ ಪುಟಗಳ ಪ್ಯಾಕೇಜನ್ನು ಕೈಬಿಟ್ಟೆ. ಆ ಎರಡನ್ನೂ ಬೇರೆ ಮಾಡಲು ನಾನೇ ಸ್ಕ್ರಿಪ್ಟಿನಲ್ಲಿ ಬಡಿದಾಡಿದ್ದೆ. ಕಂಪ್ಯೂಟರುಗಳು ಮೊಲದ ಹಾಗೆ ಓಡಿದವು. ನನಗೆ ಖುಷಿಯಾಗಿತ್ತು. ಖುಷಿಯಾದಾಗಲೇ ನಾನು ಎಚ್ಚರವಾಗಬೇಕಿತ್ತು.

ಮಾರನೇ ದಿನ ಹೆಡ್‌ಮಾಸ್ಟರು ಎಲ್ಲ ಟೀಚರುಗಳ ಮುಂದೆ ಕೂತು ಉದ್ಘಾಟನೆ ಮಾಡಿದರು. ಮೊದಲು ಒತ್ತಿದ್ದೇ ಸಹಾಯದ ಗುಂಡಿ. ಸಹಾಯ ಲಭ್ಯವಿಲ್ಲ ಅಂತ ಬಂತು. ಇನ್ನೊಂದರಲ್ಲಿ ಒತ್ತಿದರು, ಅದರಲ್ಲೂ ಇಲ್ಲ. ಪೂರ್ತಿ ಕೋಣೆ ಸುತ್ತಿ ಬಂದರು. ಅವರಿಗೆ ಅದು ತಮಗೇ ಮಾಡಿದ ಅವಮಾನದ ಹಾಗೆ ಕಂಡಿತು. ನಾನು ಮೂವತ್ತು ವರ್ಷ ಸರ್ವಿಸ್ ಮಾಡಿದೀನಿ, ಒಂದು ಯಂತ್ರ ನನಗೆ ಮುಖಕ್ಕೆ ಹೊಡೆದಂಗೆ ಸಹಾಯ ಮಾಡಲ್ಲ ಅಂತಲ್ಲ ಅಂದರಂತೆ.

ನನ್ನನ್ನು ಕರೆಸಿದರು. ಸಹಾಯವನ್ನು ಬೇರೆ ಪ್ಯಾಕೇಜು ಮಾಡಿದ್ದೇವೆ ಸಾರ್, ಜಾಗ ಉಳಿಸೋಕೆ ಅಂತ ವಿವರಿಸಿದೆ. ಸಹಾಯವನ್ನು ಉಳಿಸಬಾರದು, ಮಾಡಬೇಕು ಅಂತ ಭಾಷಣವನ್ನೇ ಕೊಟ್ಟರು. ಕೊನೆಗೆ ಅವರೇ ಒಂದು ಉಪಾಯ ಕಂಡುಹಿಡಿದರು. ಕಾಗದದ ಮೇಲೆ "ಸಹಾಯಕ್ಕಾಗಿ" ಅಂತ ಬರೆದು, ಕೆಳಗೆ ನನ್ನ ಫೋನ್ ನಂಬರು ಬರೆಸಿ, ಎಲ್ಲ ಕಂಪ್ಯೂಟರಿಗೂ ಗೋಂದು ಹಾಕಿ ಅಂಟಿಸಿದರು. ಎಲ್ಲಿಗೆ ಹೋದರೂ ನನ್ನನ್ನು ಒಂದು ಮಾತು ಕೇಳುವ ಪದ್ಧತಿ ಯಾರಿಗೂ ಇಲ್ಲ.

ಅವತ್ತಿಂದ ಫೋನೋ ಫೋನು. ಮೀಟಿಂಗಿನ ಮಧ್ಯೆ ಫೋನು, ಊಟದ ಮಧ್ಯೆ ಫೋನು. ಮೌಸು ಓಡುತ್ತಿಲ್ಲ ಅಂತ ಒಬ್ಬರು. ಫ್ಯಾನು ತಿರುಗುತ್ತಿಲ್ಲ ಅಂತ ಒಬ್ಬರು. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಫೋನ್ ಮಾಡಿ, ಬಹಳ ವಿನಯದಿಂದ, ಸಹಾಯ ಅಂತ ಬರೆದಿದೆ ಸಾರ್, ಅದಕ್ಕೆ ಮಾಡಿದೆ, ನಾಳೆ ಗಣಿತದ ಟೆಸ್ಟಿದೆ, ಮುಂದಕ್ಕೆ ಹಾಕಿ ಅಂತ ಮಿಸ್‌ಗೆ ಹೇಳ್ತೀರಾ ಅಂತ ಕೇಳಿದಳು. ನಾನು ಸಿಟ್ಟಿನಲ್ಲಿ ಫೋನ್ ಇಟ್ಟೆ. ಸಂಜೆ ಹೆಂಡತಿಗೆ ಹೇಳಿದೆ. ಅವಳು ಟೆಸ್ಟು ಮುಂದಕ್ಕೆ ಹಾಕಿದಳು. ಆಮೇಲೆ ಆ ಕ್ಲಾಸಿನವರೆಲ್ಲ ನನಗೇ ಫೋನ್ ಮಾಡತೊಡಗಿದರು.

ತಡೆಯಲಾರದೆ ಒಂದು ದಿನ ಹೋಗಿ, ಎಲ್ಲೆಲ್ಲೋ ಜಾಗ ಮಾಡಿ, ಸಹಾಯದ ಪ್ಯಾಕೇಜನ್ನೂ ಹಾಕಿ, ನನ್ನ ನಂಬರಿನ ಕಾಗದಗಳನ್ನೆಲ್ಲ ಉಗುರಿನಲ್ಲಿ ಕೆರೆದು ತೆಗೆದು ಬಂದೆ. ಇನ್ನು ನೆಮ್ಮದಿ ಅಂದುಕೊಂಡು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಹೆಡ್‌ಮಾಸ್ಟರ ಫೋನು.

"ಸಹಾಯ ಬಂತು. ಬಹಳ ಸಂತೋಷ" ಅಂದರು. "ಪೂರ್ತಿ ಇಂಗ್ಲಿಷಲ್ಲಿದೆ. ಏನ್ ಹೇಳ್ತಾ ಇದೆ ಅಂತ ಸ್ವಲ್ಪ ಸಹಾಯ ಮಾಡಿ."

ನಾಕು ಡಬ್ಬ

ಇದರಲ್ಲಿ ತಪ್ಪು ನನ್ನದಲ್ಲ.

ಕೆ.ಆರ್. ಪೇಟೆ ಕಡೆ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವ ಹಾಲಿನ ಡೇರಿಯ ಸೆಕ್ರೆಟ್ರಿ. ಅಲ್ಲಿನ ಕಂಪ್ಯೂಟರಿಗೂ ನಾನೇ ಲಿನಕ್ಸ್ ಹಾಕಿಕೊಟ್ಟಿದ್ದೆ. ಹಾಲು ಹಾಕಿದವರ ಹೆಸರು, ಹಾಲು ಎಷ್ಟು, ಜಿಡ್ಡು ಎಷ್ಟು ಅಂತ ಕನ್ನಡದಲ್ಲಿ ಚೀಟಿ ಬರುತ್ತಿತ್ತು. ಒಂದು ದಿನ ಹೊಸ ಆವೃತ್ತಿ ಬಂತು, ಮಾವ ಹೂಂ ಅಂತ ಒತ್ತಿದ. ಮಾರನೇ ಬೆಳಿಗ್ಗೆಯಿಂದ ಹೆಸರಿನ ಜಾಗದಲ್ಲಿ ಅಕ್ಷರವೇ ಇಲ್ಲ. ಅಕ್ಷರಕ್ಕೊಂದರಂತೆ ಚೌಕದ ಖಾಲಿ ಡಬ್ಬಗಳು.

ಏನಾಗಿತ್ತು ಅಂದರೆ, ನಮ್ಮ ತಂಡದಲ್ಲಿ ಯಾವುದೋ ಚಳಿ ದೇಶದವನೊಬ್ಬನಿದ್ದಾನೆ. ಅವನು ನನ್ನನ್ನು ಕೇಳದೆ ನನ್ನ ಸ್ಕ್ರಿಪ್ಟು ತಿದ್ದಿ, ನಮ್ಮ ದೇಶದ ಅಕ್ಷರಗಳನ್ನೆಲ್ಲ ಮುಖ್ಯ ಪ್ಯಾಕೇಜಿನಿಂದ ಕಿತ್ತು ಬೇರೆ ಪ್ಯಾಕೇಜಿಗೆ ಹಾಕಿ, ಅದನ್ನು ಹೆಚ್ಚುವರಿ ಅಂತ ಗುರುತು ಮಾಡಿದ್ದ. ಹೆಚ್ಚುವರಿ! ಕನ್ನಡ ಅಕ್ಷರ ಹೆಚ್ಚುವರಿ, ಪರದೆಯ ಮೂಲೆಯಲ್ಲಿ ತೋರಿಸಲು ಅವನು ಮಾಡಿದ ಗಡಿಯಾರಕ್ಕೆ ಹನ್ನೆರಡು ಥರದ ಬಣ್ಣ ಮಾತ್ರ ಮುಖ್ಯ.

ಮಾವ ಇದನ್ನು ನನಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ, ಅದೂ ಬೇರೆ ಯಾವುದೋ ಮಾತಿನ ನಡುವೆ. ಯಾಕೆ ಆಗಲೇ ಹೇಳಲಿಲ್ಲ ಅಂತ ಕೂಗಿದೆ. "ತೊಂದ್ರೆ ಏನಿಲ್ಲ ಕಣ್ಲಾ. ಒಂದ್ಕೊಂಡಿದ್ದೀವಿ" ಅಂದ.

ಹೇಗೆ ಹೊಂದಿಕೊಂಡಿದ್ದಾರೆ ಅಂತ ಹೋಗಿ ನೋಡಿದೆ. ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಮಾವ ಚೀಟಿ ಹರಿದು, ಮೂರು ಡಬ್ಬ ಬನ್ನಿ, ಐದು ಡಬ್ಬ ಎಲ್ಲಿ ಅಂತ ಕೂಗುತ್ತಿದ್ದ. ಅವರೂ ಬಂದು ಇಸಕೊಂಡು ಹೋಗುತ್ತಿದ್ದರು. ಸದಸ್ಯರ ನಂಬರು ಇರಲಿಲ್ಲವೇ ಅಂತ ನೀವು ಕೇಳುತ್ತೀರಿ. ಇತ್ತು. ನಂಬರು ಒಬ್ಬರಿಗೂ ನೆನಪಿಲ್ಲ, ಡಬ್ಬ ಎಲ್ಲರಿಗೂ ಬಾಯಿಪಾಠ.

ಆದರೆ ನಾಕು ಡಬ್ಬದವರು ಇಬ್ಬರಿದ್ದರು. ಒಬ್ಬಾಕೆ ಸೀಮೆಹಸುವಿನ ಹಾಲು ಹಾಕುವಾಕೆ. ಇನ್ನೊಬ್ಬಾಕೆಯ ಮನೆಯಲ್ಲಿ ಎಮ್ಮೆ, ಹಾಲು ದಪ್ಪನೆ ಕೆನೆಗಟ್ಟುವಂಥದ್ದು. ನಾನು ಹೋದ ದಿನವೇ ಇಬ್ಬರ ಚೀಟಿಯೂ ಅದಲುಬದಲಾಯಿತು. ಎಮ್ಮೆಯಾಕೆ ಚೀಟಿಯಲ್ಲಿ ಜಿಡ್ಡಿನ ಅಂಕಿ ನೋಡಿದವಳೇ ಕ್ಯಾನನ್ನು ಮಾವನ ಮೇಜಿನ ಮೇಲಿಟ್ಟು, "ಏನ್ ಸೆಕ್ರೆಟ್ರಣ್ಣ, ನಮ್ಮೆಮ್ಮೆ ಆಲು ಕೊಡ್ತದೋ ನೀರು ಕೊಡ್ತದೋ, ನೀನೇ ಬಂದು ಕರ್ದು ನೋಡು" ಅಂದಳು. ಸೀಮೆಹಸುವಿನಾಕೆ ಚೀಟಿ ವಾಪಸು ಕೊಡುವುದಿಲ್ಲ ಅಂದಳು, ನಂದೂ ನಾಕೇ ಡಬ್ಬ ಅನ್ನುವುದು ಅವಳ ವಾದ. ವಾದ ಸರಿಯಾಗಿಯೇ ಇತ್ತು. ಮಾವ ಇಬ್ಬರ ಮಧ್ಯೆ ನಿಂತು ನನ್ನ ಕಡೆ ಕೈ ತೋರಿಸಿ, ಇವನೇ ಮಾಡಿದ್ದು ಅಂದುಬಿಟ್ಟ. ಸ್ವಂತ ಸೋದರಮಾವ.

ನಾನು ಅಲ್ಲೇ ಕೂತು ಆ ಹೆಚ್ಚುವರಿ ಪ್ಯಾಕೇಜನ್ನು ಹುಡುಕಿ ಹಾಕಿದೆ. ಪ್ರಿಂಟರಿನಿಂದ ಚೀಟಿ ಬಂತು. ಡಬ್ಬ ಹೋಗಿ ಹೆಸರು ಬಂದಿತ್ತು. ಎಲ್ಲರೂ ಇಣುಕಿ ನೋಡಿ ತಮ್ಮ ತಮ್ಮ ಹೆಸರು ಓದಿಕೊಂಡರು.

ಒಬ್ಬ ಮುದುಕಿ ಮಾತ್ರ ತನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದ್ಯಾರ್ದು ಮಗ, ನಂದು ಆರು ಡಬ್ಬ ಅಂದಳು. ಇದೇ ನಿಮ್ಮ ಹೆಸರು ಕಣಜ್ಜಿ ಅಂದೆ. ಅವಳ ಮುಖ ಬಾಡಿಹೋಯಿತು.

"ಈ ವಯ್ಸಿಗೆ ಓದೋಕೆ ಅಂತ ಕಲ್ತಿದ್ದು ಅದೊಂದೇಯ" ಅಂದಳು. "ಅದ್ನೂ ಕಿತ್ಕೊಂಡ್ಬುಟ್ಟಲ್ಲೋ."

ಎಷ್ಟು ಎಂಬಿ

ಡೇರಿಯಲ್ಲಿ ನಾನು ಹಾಕಿದ್ದು ತೇಪೆ. ಇನ್ನೊಂದು ಆವೃತ್ತಿ ಬಂದರೆ ಮತ್ತೆ ಡಬ್ಬ. ಸ್ಕ್ರಿಪ್ಟನ್ನೇ ಸರಿ ಮಾಡಬೇಕು, ಅದಕ್ಕೆ ತಂಡದವರು ಒಪ್ಪಬೇಕು, ಮುಖ್ಯವಾಗಿ ಆ ಚಳಿ ದೇಶದವನು ಒಪ್ಪಬೇಕು.

ಮೀಟಿಂಗಿನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, ಕನ್ನಡ ಎಷ್ಟು ಎಂಬಿ ಅಂತ. ನಾನು ಹೇಳಿದೆ. ಅಷ್ಟೊಂದಾ ಅಂದ. ಅವನ ಗಡಿಯಾರದ ಬಣ್ಣಗಳು ಅದರ ಎರಡರಷ್ಟಿವೆ ಅಂದೆ. ಅದು ಬೇರೆ ವಿಷಯ ಅಂದ. ಎಷ್ಟು ಜನ ಬಳಸುತ್ತಾರೆ ಅಂತ ಕೇಳಿದ. ನಿಮ್ಮ ಇಡೀ ದೇಶದಲ್ಲಿರುವವರಿಗಿಂತ ಹೆಚ್ಚು ಜನ ನಮ್ಮ ರಾಜ್ಯದಲ್ಲಿದ್ದಾರೆ ಅಂದೆ. ಇರಬಹುದು, ಆದರೆ ಒಂದೂ ದೂರು ಬಂದಿಲ್ಲವಲ್ಲ ಅಂದ.

ದೂರು ಹೇಗೆ ಬರುತ್ತದೆ? ದೂರು ಕೊಡುವ ಜಾಗ ಇರುವುದು ಇಂಟರ್‌ನೆಟ್ಟಿನಲ್ಲಿ, ಕೊಡಬೇಕಾದದ್ದು ಇಂಗ್ಲಿಷಿನಲ್ಲಿ. ಎಮ್ಮೆ ಕಟ್ಟಿ, ಸಗಣಿ ಬಾಚಿ, ಹಾಲು ಕರೆದು ತರುವಾಕೆ ಅಲ್ಲಿಗೆ ಹೋಗಿ ಖಾತೆ ತೆರೆದು ದೂರು ಬರೆಯಬೇಕಂತೆ. ಮುಂದಿನ ಮೀಟಿಂಗಿಗೆ ದೂರು ತರುತ್ತೇನೆ ಅಂತ ಮಾತ್ರ ಹೇಳಿದೆ.

ಮುಂದಿನ ಮೀಟಿಂಗು ಬಿದ್ದದ್ದು ಸಂಜೆ ಡೇರಿಯ ಹೊತ್ತಿಗೆ. ಲ್ಯಾಪ್‌ಟಾಪು ಹೊತ್ತುಕೊಂಡು ಡೇರಿಗೇ ಹೋದೆ. ಮಾವನ ಮೇಜಿನ ಮೇಲಿಟ್ಟು, ಎಮ್ಮೆಯಾಕೆಯನ್ನು ಎದುರಿಗೆ ಕೂರಿಸಿ, ಅಕ್ಕ, ಆವತ್ತು ನಿನ್ನ ಹೆಸರು ತೆಗೆದವನು ಇವನೇ, ಏನು ಹೇಳಬೇಕೋ ಹೇಳು ಅಂದೆ. ಅವಳು ಸೆರಗು ಸರಿಮಾಡಿಕೊಂಡು, ಇಷ್ಟು ಜನದಲ್ಲಿ ಯಾವನು ಅಂತ ಕೇಳಿದಳು. ಕಿವಿಗೆ ದಪ್ಪದ್ದು ಹಾಕಿಕೊಂಡಿದ್ದಾನಲ್ಲ, ಅವನು ಅಂದೆ.

"ನೀನೇ ಏನಪ್ಪ ನನ್ನೆಸ್ರು ಕಿತ್ತಾಕಿದ್ದು" ಅಂತ ಶುರು ಮಾಡಿದಳು. "ನಿಮ್ಮವ್ವ ಇಟ್ಟ ಎಸ್ರು ಅಳಸ್ಬುಟ್ಟು, ಬಾರ್ಲಾ ನಾಕು ಡಬ್ಬ ಅಂತ ಕರುದ್ರೆ ನೀನು ತಿರುಗಿ ನೋಡೀಯಾ? ನಮ್ಮೆಮ್ಮೇಗೂ ಒಂದು ಎಸ್ರದೆ ಕಣಪ್ಪ, ಕೂಗುದ್ರೆ ಓಗೊಡ್ತದೆ. ಎಮ್ಮೇಗಿಂತ ಕಡೆಯಾಗೋದ್ವ ನಾವು?"

ಇಲ್ಲಿಯ ತನಕ ಬರೆಯಬಹುದು. ಮುಂದಿನದನ್ನು ಬರೆಯುವ ಹಾಗಿಲ್ಲ. ಅವನ ಬೆಳ್ಳನೆಯ ಮುಖದಿಂದ ಹಿಡಿದು, ಅವನನ್ನು ಕೆಲಸಕ್ಕಿಟ್ಟುಕೊಂಡವರು, ಅವನಿಗೆ ಹೆಣ್ಣು ಕೊಟ್ಟವರು, ಕೊಟ್ಟಿಲ್ಲದಿದ್ದರೆ ಯಾಕೆ ಕೊಟ್ಟಿಲ್ಲ ಅನ್ನುವುದರ ತನಕ ಒಂದೂ ಬಿಡಲಿಲ್ಲ. ಹಿಂದೆ ನಿಂತಿದ್ದ ಸೀಮೆಹಸುವಿನಾಕೆ ನಡುನಡುವೆ ಮರೆತದ್ದನ್ನು ನೆನಪಿಸುತ್ತಿದ್ದಳು. ಅವತ್ತಿನ ಜಗಳ ಇಬ್ಬರಿಗೂ ಮರೆತೇ ಹೋಗಿತ್ತು. ಮಾವ ಅಳತೆ ನಿಲ್ಲಿಸಿ, ಕೈಕಟ್ಟಿ ನಿಂತು, ಪೂಜೆ ನೋಡುವವನ ಹಾಗೆ ನೋಡುತ್ತಿದ್ದ. ನನ್ನ ಹೊಟ್ಟೆಯಲ್ಲಿ ಎಷ್ಟೋ ಕಾಲದಿಂದ ಕೂತಿದ್ದನ್ನೆಲ್ಲ ಆಕೆಯೇ ಹೊರಗೆ ಹಾಕಿದ ಹಾಗಾಗಿ ನನಗೆ ಎದೆ ಹಗುರಾಯಿತು.

ಅವಳು ಮುಗಿಸಿ, ಕ್ಯಾನು ಎತ್ತಿಕೊಂಡು ಹೊರಟುಹೋದಳು. ಚಳಿ ದೇಶದವನು ಕಿವಿಯದನ್ನು ತೆಗೆದಿಟ್ಟು, ಆಕೆ ಏನಂದರು ಅಂತ ಕೇಳಿದ.

ಅಕ್ಷರಗಳನ್ನು ವಾಪಸು ಹಾಕಿದರೆ ಉಪಕಾರವಾಗುತ್ತದೆ ಅಂದರು ಅಂದೆ.

ಅಷ್ಟು ಹೊತ್ತು ಮಾತಾಡಿದರಲ್ಲ, ಇಷ್ಟೇನಾ ಅಂದ.

"ಮುಖ್ಯವಾದದ್ದು ಇಷ್ಟೇ" ಅಂದೆ. "ಉಳಿದದ್ದು ಬೇರೆ ಪ್ಯಾಕೇಜಿನಲ್ಲಿದೆ. ಬಿಚ್ಚಲಾ?"

ಬೇಡ ಅಂದ. ಅಕ್ಷರಗಳು ಅವತ್ತೇ ಮುಖ್ಯ ಪ್ಯಾಕೇಜಿಗೆ ವಾಪಸು ಬಂದವು.

ಗುಡ್ಡೆ ಬಾಡು

ನನ್ನ ಹೆಂಡತಿಯ ತವರು ನಾಗಮಂಗಲದ ಕಡೆ, ಹೊಣಕೆರೆ ಹತ್ತಿರ. ಯುಗಾದಿಯ ಮಾರನೇ ದಿನ, ವರ್ಷದ ತೊಡಕಿಗೆ, ಅಣ್ಣತಮ್ಮಂದಿರ ಐದು ಮನೆಯವರು ಸೇರಿ ಒಂದು ಮರಿ ಕಡಿದು ಪಾಲು ಹಾಕಿಕೊಳ್ಳುತ್ತಾರೆ. ಐದು ಮನೆಗೆ ಐದು ಗುಡ್ಡೆ. ಒಂದೊಂದು ಗುಡ್ಡೆಯಲ್ಲೂ ಒಂದಷ್ಟು ಮೆತ್ತನೆ ಬಾಡು, ಒಂದಷ್ಟು ಮೂಳೆ, ಒಂದು ಚೂರು ಈಲಿ, ಅಂದರೆ ಲಿವರು, ಒಂದು ಚೂರು ಬೋಟಿ ಬರಬೇಕು. ಇದರಲ್ಲಿ ಒಂದು ಚೂರು ಆಚೀಚೆ ಆದರೂ ಒಂದು ವರ್ಷ ಮಾತು ಬಿಡುತ್ತಾರೆ.

ಪಾಲು ಹಾಕುವವರು ನನ್ನ ಮಾವನವರ ಅಣ್ಣ, ನನಗೆ ದೊಡ್ಡಮಾವ. ಮೊನ್ನೆ ಯುಗಾದಿಗೆ ಅವರ ಮಣಿಕಟ್ಟು ಉಳುಕಿತ್ತು. ಕಡಿಯುವುದನ್ನೇನೋ ಹೇಗೋ ಮಾಡಿ ಮುಗಿಸಿದರು. ಬಾಡು ಒಂದು ಮಂಕರಿ, ಮೂಳೆ ಒಂದು ಮಂಕರಿ, ತಲೆಕಾಲು ಒಂದು, ಈಲಿ ಗುಂಡಿಗೆ ಒಂದು, ತೊಳೆದ ಬೋಟಿ ಒಂದು ಅಂತ ಬೇರೆ ಬೇರೆ ತುಂಬಿಟ್ಟು, ಐದು ಬಾಳೆ ಎಲೆ ಹಾಸಿ, ಕೂತು ಗುಡ್ಡೆ ಹಾಕಲು ಕೈ ಆಗೋದಿಲ್ಲ, ಅಳಿಮಯ್ಯ ಹಾಕಲಿ, ಅವನ ಕಸುಬೇ ಪಾಲು ಹಾಕೋದಂತಲ್ಲ ಅಂದರು. ಎಲ್ಲರೂ ಒಪ್ಪಿ, ನನ್ನನ್ನು ಕೂರಿಸಿ, ಬೀಡಿ ಸೇದಲು ಹುಣಸೇಮರದ ಕಡೆ ಹೋದರು.

ಸರಿಯಾಗಿ ಅದೇ ಹೊತ್ತಿಗೆ ಫೋನು. ಚಳಿ ದೇಶದವನು. ಅವನಿಗೆ ಅಲ್ಲಿ ಇನ್ನೂ ಬೆಳಕೇ ಹರಿದಿರಲಿಲ್ಲ, ಆದರೂ ಜಗಳಕ್ಕೆ ಎದ್ದು ಕೂತಿದ್ದ. ಅಕ್ಷರ ವಾಪಸು ಹಾಕಿದ ಮೇಲೆ ಸ್ಕ್ರಿಪ್ಟು ಕಲಸುಮೇಲೋಗರ ಆಗಿದೆಯಂತೆ. ಒಂದೇ ಪ್ಯಾಕೇಜಿನಲ್ಲಿ ಎಲ್ಲ ಸ್ವಲ್ಪ ಸ್ವಲ್ಪ ಇದೆಯಂತೆ. ಇದು ಅಶಿಸ್ತು, ಒಂದೊಂದು ಜಾತಿಯದನ್ನು ಒಂದೊಂದು ಕಡೆ ಹಾಕಬೇಕು, ಒಂದಕ್ಕೊಂದು ಬೆರೆಸಬಾರದು ಅಂದ. ನಾನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಕೈಯಲ್ಲಿ ಕೆಲಸ ಮಾಡುತ್ತಲೇ ವಾದಕ್ಕೆ ಇಳಿದೆ. ಅಕ್ಷರವೊಂದನ್ನು ಬಿಟ್ಟು ಬೇರೆ ಯಾವುದನ್ನು ಬೇಕಾದರೂ ಬೇರೆ ಮಾಡಿಕೊ, ನನ್ನ ತಲೆ ತಿನ್ನಬೇಡ ಅಂತ ಕೂಗಿದೆ. ಅವನೂ ಕೂಗಿದ. ಇದನ್ನು ಇಲ್ಲಿಗೆ ಹಾಕು, ಅದನ್ನು ಅಲ್ಲಿಗೆ ಹಾಕು, ಬೆರೆಸಬೇಡ, ಬೆರೆಸಬೇಡ ಅಂತ ಅವನು ಕಿವಿಯೊಳಗೆ ಹೇಳುತ್ತಲೇ ಇದ್ದ. ಸರಿ ಮಾರಾಯ, ಬೆರೆಸೋದಿಲ್ಲ ಅಂತ ನಾನೂ ಹೇಳುತ್ತಲೇ ಇದ್ದೆ. ಒಂದೊಂದೇ ಮಂಕರಿ ಎತ್ತಿ ಒಂದೊಂದು ಎಲೆಗೆ ಸುರಿದದ್ದು ನನಗೆ ಗೊತ್ತೇ ಆಗಲಿಲ್ಲ.

ಸುರಿದು ಮುಗಿಸಿ, ನೊಣ ಕೂರದಿರಲಿ ಅಂತ ಮೇಲೆ ಒಂದೊಂದು ಎಲೆ ಮುಚ್ಚಿದೆ.

ಎಲ್ಲರೂ ವಾಪಸು ಬಂದರು. ಪದ್ಧತಿಯ ಪ್ರಕಾರ ಒಬ್ಬರು ಬೆನ್ನು ತಿರುಗಿಸಿ ನಿಂತರು, ಇನ್ನೊಬ್ಬರು ಒಂದೊಂದೇ ಎಲೆ ಮುಟ್ಟಿ ಇದು ಯಾರ್ದು, ಇದು ಯಾರ್ದು ಅಂತ ಕೇಳಿದರು. ಬೆನ್ನು ತಿರುಗಿಸಿದವರು ಬಾಯಿಗೆ ಬಂದ ಮನೆಯ ಹೆಸರು ಹೇಳಿದರು. ಆಮೇಲೆ ಅವರವರ ಮನೆಯವರು ಬಂದು ಮೇಲಿನ ಎಲೆ ತೆಗೆದರು.

ಒಬ್ಬರಿಗೆ ಬರೀ ಮೂಳೆ. ಒಬ್ಬರಿಗೆ ಬರೀ ಬೋಟಿ. ಒಬ್ಬರಿಗೆ ಈಲಿ ಗುಂಡಿಗೆ, ಬೇರೇನೂ ಇಲ್ಲ. ದೊಡ್ಡಮಾವ ತಮ್ಮ ಎಲೆ ತೆಗೆದರೆ ಮರಿಯ ತಲೆ ಅವರನ್ನೇ ನೋಡುತ್ತಿತ್ತು, ಸುತ್ತ ನಾಲ್ಕು ಕಾಲು. ಇನ್ನು ಉಳಿದದ್ದು ನನ್ನ ಮಾವನವರ ಎಲೆ. ಇಡೀ ಮರಿಯ ಮೆತ್ತನೆ ಬಾಡೆಲ್ಲ ಅಲ್ಲಿ ಗುಡ್ಡದ ಹಾಗೆ ಕೂತಿತ್ತು.

ನನ್ನ ಮಾವನವರು ಆ ಎಲೆಯನ್ನು ಮತ್ತೆ ಮುಚ್ಚಲು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ಓದಿದವರ ಬುದ್ಧಿ ಇದೇ ಅಂದರು ಒಬ್ಬರು. ಬೋಟಿಯವರು, ಮಾವ ಅಳಿಯ ಮೊದಲೇ ಮಾತಾಡಿಕೊಂಡಿದ್ದಾರೆ ಅಂದರು. ನಾನು ಹಂಗಲ್ಲ ಹಂಗಲ್ಲ ಅನ್ನುತ್ತಿದ್ದೆ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು, ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೊಡ್ಡಮಾವ ಮಚ್ಚು ಹಿಡಿದುಕೊಂಡೇ ನನ್ನ ಮುಂದೆ ಬಂದು ನಿಂತರು. ಉಳುಕಿದ್ದು ಇನ್ನೊಂದು ಕೈ ಅಂತ ನನಗೆ ಆಗಲೇ ಗೊತ್ತಾದದ್ದು.

"ಎಲ್ಲ ಪಾಲಲ್ಲೂ ಎಲ್ಲಾನೂ ಸ್ವಲ್ಪ ಸ್ವಲ್ಪ ಇರ್ಬೇಕು. ಇದು ಎಳೇ ಮಕ್ಳಿಗೂ ಗೊತ್ತು" ಅಂದರು. "ನಿಂಗೆ ಇಂಗೆ ಆಕು ಅಂತ ಯೋಳ್ಕೊಟ್ಟೋನು ಯಾವನು?"

ಹೇಳಿಕೊಟ್ಟವನು ಕಿವಿಯಲ್ಲೇ ಇದ್ದ. ಗಲಾಟೆಯೆಲ್ಲ ಅವನಿಗೆ ಕೇಳಿಸುತ್ತಿತ್ತು. ಅಲ್ಲಿ ಏನು ನಡೆಯುತ್ತಿದೆ, ಎಲ್ಲರೂ ನಮ್ಮ ಪ್ಯಾಕೇಜಿನ ಬಗ್ಗೆಯೇ ವಾದ ಮಾಡುತ್ತಿದ್ದಾರಾ ಅಂತ ಆಶ್ಚರ್ಯದಿಂದ ಕೇಳಿದ. ಒಂದು ಥರದಲ್ಲಿ ಹೌದು ಅಂದೆ. ನಿಮ್ಮ ಊರಿನಲ್ಲಿ ಈ ಕೆಲಸವನ್ನು ಜನ ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಿರಲಿಲ್ಲ ಅಂದ. ಆ ದೊಡ್ಡ ದನಿಯ ಹಿರಿಯರು ಏನು ಹೇಳುತ್ತಿದ್ದಾರೆ ಅಂತ ಕೇಳಿದ. ಎಲ್ಲದರಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ ಇರಬೇಕಂತೆ ಅಂದೆ.

ಅದು ಓಬೀರಾಯನ ಕಾಲದ ವಾದ, ಬುದ್ಧಿಯಿದ್ದವರು ಯಾರೂ ಈಗ ಹಾಗೆ ಮಾಡುವುದಿಲ್ಲ, ನಾನು ಹೇಳಿದೆ ಅಂತ ಅವರಿಗೆ ಹೇಳು ಅಂದ.

ನಾನು ದೊಡ್ಡಮಾವನ ಮುಖ ನೋಡಿದೆ. ಮಚ್ಚು ನೋಡಿದೆ.

"ಫೋನ್‌ನಾಗಿರೋನು ಏನಂತಾನೆ ಅಳಿಮಯ್ಯ?" ಅಂದರು ದೊಡ್ಡಮಾವ.

"ನೀವು ಯೋಳಿದ್ದೇ ಸರಿಯಂತೆ ದೊಡ್ಡಮಾವ" ಅಂದೆ.